ಕೊಪ್ಪಳದಾಗ ಬೆಳಗಿನ ವಗ್ಗರಣಿ-ಮಿರ್ಚಿ ಕೌಂಟರ್: ಎಂಟೂಕಾಲಿನ ಗದ್ದಲ ಹೆಂಗ ಸಂಭಾಳಿಸೋದು?

ಗಿಣಿಗೇರಾ ರೋಡ್ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರೀ. ಕೊಪ್ಪಳ ಬಸ್‌ಸ್ಟ್ಯಾಂಡಿಗೆ ನಡಕೊಂಡು ಹೋಗೋ ದಾರ್ಯಾಗ 10×12 ಅಡಿ ಮಳಿಗಿ ಸಿಕ್ಕೈತಿ. ಮುಂದ ಆರಡಿ ಕಟ್ಟಿ. ಕುರ್ಚಿ, ಟೇಬಲ್ ಇಲ್ಲ, ನಿಂತು ತಿಂದು ಹೋಗೋ ಕೌಂಟರ್ ಅಷ್ಟ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 6:30ರಿಂದ 10:30. ಬರೋ ಗಿರಾಕಿ ಅಂದ್ರ ಗಿಣಿಗೇರಾ ಕಡೆ ಫ್ಯಾಕ್ಟರಿ ಬಸ್ಸಿಗೆ ನಿಲ್ಲೋರು, ಕಾಲೇಜ್ ಹುಡುಗ್ರು, ಆಫೀಸಿಗೆ ಹೋಗೋ ನೌಕರರು. ಒಬ್ಬ ಅಡಿಗಿಯವ, ಒಬ್ಬ ಹೆಲ್ಪರ್, ಗಲ್ಲಾದಾಗ ನಾನು.

ಒಂದು ಪ್ಲೇಟ್ ವಗ್ಗರಣಿ (ನೆನಸಿದ ಮಂಡಾಳ, ಅಂದ್ರ ಮಂಡಕ್ಕಿ, ಮಸಾಲಿಗೆ ಕಲಸಿದ ತಿಂಡಿ), ಎರಡು ಮಿರ್ಚಿ (ಮೆಣಸಿನಕಾಯಿ ಬಜಿ), 40 ರೂಪಾಯಿ ಅಂತ ಹಾಕೊಂಡೀನಿ. ದಿನಕ್ಕ 200 ಪ್ಲೇಟ್ ಗುರಿ, ಅದರಾಗ 120 ಪ್ಲೇಟ್ 8:15ರಿಂದ 9:15ರ ನಡುವ ಹೋಗಬೇಕು.

ಕೇಳೋದು ಇಷ್ಟ: ಇಡ್ಲಿ, ವಡಾ, ಪೂರಿನೂ ಇಡಬೇಕೋ ಬ್ಯಾಡೋ? ಮಾಡಿಟ್ಟ ವಗ್ಗರಣಿ ಅರ್ಧ ತಾಸಿಗೆ ಮುದ್ದಿ ಆಗೋದು ಯಾಕ? ಮಿರ್ಚಿ ಎಣ್ಣಿ ಕುಡಿದು ಮೆತ್ತಗ ಆಗ್ತಾವು, ಅದಕ್ಕೇನು ಮಾಡಬೇಕು? ಮತ್ತ ಗದ್ದಲದಾಗ ರೊಕ್ಕ ಇಸ್ಕೊಳ್ಳೋದು, ಪ್ಲೇಟ್ ಕೊಡೋದು ಹೆಂಗ ಹೊಂದಿಸಬೇಕು?

---

ಬಾಣಲಿ ಮಾಸ್ತರ, ಗಂಗಾವತಿ

ಅಣ್ಣಾರ, ನಿಮ್ಮ ಲೆಕ್ಕ ಗಲ್ಲಾದಾಗ ಸಿಕ್ಕಿಬೀಳೋದಿಲ್ಲ, ಬಾಣಲಿ ಮುಂದ ಸಿಕ್ಕಿಬೀಳ್ತೈತಿ. 16 ಇಂಚಿನ ಬಾಣಲಿಗೆ ನಾಲ್ಕು ಲೀಟರ್ ಎಣ್ಣಿ ಹಾಕಿದ್ರ ಒಂದು ಸಲಕ್ಕ 15 ಮಿರ್ಚಿ ಆರಾಮ ಹಿಡೀತಾವು. ಬಿಡೋದು, ಹೊಳ್ಳಿಸೋದು, ತಗಿಯೋದು ಎಲ್ಲಾ ಸೇರಿ ಐದು ನಿಮಿಷ. ತಾಸಿಗೆ 12 ಸಲ, ಅಂದ್ರ 180 ಮಿರ್ಚಿ, 90 ಪ್ಲೇಟ್. ನಿಮಗ ಬೇಕಾಗಿದ್ದು 120 ಪ್ಲೇಟಿಗೆ 240. ಒಂದ ಬಾಣಲಿ ಇಟ್ಟು ಬರೇ ಹಸಿ ಮಿರ್ಚಿ ಬಿಟ್ಕೋತ ಹೋದ್ರ ಎಂಟೂವರಿಗೆ ಸಾಲು ರಸ್ತೆಕ್ಕ ಬರ್ತೈತಿ, ಬಸ್ ಬಂತಂದ್ರ ಅರ್ಧ ಮಂದಿ ಹೊಂಟು ಹೋಗ್ತಾರ.

ಅದಕ್ಕ ವಡಾ ಬ್ಯಾಡ. ವಡಾ ರುಚಿ ಬ್ಯಾರೆ ಮಾತು, ಆದ್ರ ಅದಕ್ಕೂ ಅದ ಎಣ್ಣಿ, ಅದ ಬಾಣಲಿ ಬೇಕು, ಮೇಲಿಂದ ಮಿರ್ಚಿಗಿಂತ ನಿಧಾನ ಬೇಯ್ತೈತಿ. ಪೂರಿ ಅಂತೂ ಲಟ್ಟಿಸಾಕ ಒಬ್ಬನ್ನ ಪೂರಾ ತಿಂತೈತಿ. ಎರಡನೇ ಐಟಂ ಬೇಕಂದ್ರ ಎಣ್ಣಿ ಬಾಣಲಿ ಮುಟ್ಟದಿರೋದು ಇಡ್ರಿ: ಉಪ್ಪಿಟ್ಟು ಇಲ್ಲಾ ಇಡ್ಲಿ. ಉಪ್ಪಿಟ್ಟು ಬಿಸಿ ನೀರಿನ ಪಾತ್ರಿ ಮ್ಯಾಲೆ ಒಂದೂವರಿ ತಾಸು ಕೆಡಂಗಿಲ್ಲ, ಚಟ್ನಿ ಇಲ್ಲಂದ್ರೂ ನಡೀತೈತಿ.

ಈಗ ವಗ್ಗರಣಿ. ಒಂದು ಕೆಜಿ ಮಂಡಾಳಿಗೆ 20 ಪ್ಲೇಟ್ ಬರ್ತಾವು, ಪ್ಲೇಟಿಗೆ ಒಣಾದ್ದು 50 ಗ್ರಾಂ. ಆ ಒಂದು ಕೆಜಿಗೆ:

ಎಣ್ಣಿ 200 ಗ್ರಾಂ, ಉಳ್ಳಾಗಡ್ಡಿ 750 ಗ್ರಾಂ, ಟಮಾಟಿ 400 ಗ್ರಾಂ, ಹಸಿಮೆಣಸಿನಕಾಯಿ 60ರಿಂದ 80 ಗ್ರಾಂ (ಮಿಕ್ಸರ್‌ಗೆ ತರಿತರಿ), ಸೇಂಗಾ 100 ಗ್ರಾಂ, ಪುಟಾಣಿ (ಹುರಿಗಡಲೆ) ಹಿಟ್ಟು 200 ಗ್ರಾಂ, ಒಣಕೊಬ್ರಿ ತುರಿ ಒಂದು ಮುಷ್ಟಿ, ಹುಣಸಿಹಣ್ಣು 30 ಗ್ರಾಂ ಹಿಂಡಿದ ಗಟ್ಟಿ ರಸ, ಅರಿಶಿಣ, ಸಾಸಿವಿ, ಜೀರಗಿ, ಕರಿಬೇವು, ಕೊತಂಬ್ರಿ.

ಮೊದಲು ಮಂಡಾಳ ಜರಡಿ ಹಿಡೀರಿ. ಉಸುಕಿನಾಗ ಹುರಿದದ್ದು, ತಳದಾಗ ಉಸುಕು ಇದ್ದ ಇರ್ತೈತಿ. ನೆನಸೋ ಬೋಗುಣಿಯ ತಳಕ್ಕೂ ಅದು ಇಳೀತೈತಿ, ಹಂಗಾಗಿ ಎರಡು ಕೆಜಿಗೊಮ್ಮೆ ನೀರು ಬದಲಿ ಮಾಡ್ರಿ. ಒಂದ ಒಂದು ಹರಳು ಹಲ್ಲಿಗೆ ಸಿಕ್ಕಿತಂದ್ರ ಆ ಗಿರಾಕಿ ಮತ್ತ ಬರಂಗಿಲ್ಲ.

ಮುದ್ದಿ ಆಗೋದಕ್ಕ ಮೂರು ಕಾರಣ. ಒಂದು, ನೆನಸೋದು ಜಾಸ್ತಿ ಆಗಿರ್ತೈತಿ. ತೆಳ್ಳನ ಮಂಡಾಳಾದ್ರ ನೀರಾಗ ಹಾಕಿ ಕೈಯಿಂದ ಒತ್ತಿ ಹತ್ತು-ಹದಿನೈದು ಸೆಕೆಂಡಿಗೆ ಎತ್ತಬೇಕು, ದಪ್ಪನವು ಅರ್ಧ ನಿಮಿಷ ತಡೀತಾವು. ಎತ್ತಿದ್ದನ್ನ ಎರಡೂ ಅಂಗೈ ನಡುವ ಹಗೂರ್ಕ ಹಿಂಡಿ ಬಿದಿರಿನ ಬುಟ್ಟಿಗೆ ಹಾಕ್ರಿ. ಸ್ಟೀಲ್ ಬೋಗುಣಿಗೆ ಹಾಕಿದ್ರ ತಳದ ನೀರು ಮತ್ತ ಮಂಡಾಳಿಗೆ ಹತ್ತಿಕೋತೈತಿ. ಎರಡು, ಉರಿ ಮ್ಯಾಲೆ ಬಹಳ ಹೊತ್ತು ತಿರುವೋದು. ಉಳ್ಳಾಗಡ್ಡಿ, ಟಮಾಟಿ, ಹುಣಸಿ ರಸ ಬೆಂದು ಎಣ್ಣಿ ಬಿಟ್ಟ ಮ್ಯಾಲೆ ಮಂಡಾಳ ಹಾಕಿದ್ರ ಎರಡು ನಿಮಿಷ ಸಾಕು, ಬಿಸಿ ಹತ್ತಿದ್ರ ಆತು. ಮೂರು, ಮುಚ್ಚೋದು. ಸ್ಟೀಲ್ ಮುಚ್ಚಳ ಹಾಕಿದ್ರ ಹಬಿ ನೀರಾಗಿ ಮ್ಯಾಲೆ ಬೀಳ್ತೈತಿ. ಹಿಂಡಿದ ಹಸಿ ಬಟ್ಟಿ ಮುಚ್ಚಿದ್ರ ಒಣಗಂಗೂ ಇಲ್ಲ, ತೊಟ್ಟಿಕ್ಕಂಗೂ ಇಲ್ಲ.

ಪುಟಾಣಿ ಹಿಟ್ಟು ಉರಿ ಆರಿಸಿದ ಮ್ಯಾಲೆ ಕಡೀಕ. ಮಂಡಾಳದಾಗ ಉಳಿದ ನೀರು ಹೀರಿಕೊಳ್ಳೋದ ಅದರ ಕೆಲಸ. ಬಿಸಿ ಎಣ್ಣ್ಯಾಗ ಹಾಕಿದ್ರ ಗಂಟ ಆಗ್ತೈತಿ, ನೀರೂ ಹೀರಂಗಿಲ್ಲ. ಉಪ್ಪು ಮಂಡಾಳದಾಗ ಮೊದಲ ಇರ್ತೈತಿ, ಅಕ್ಕಿಗೆ ಉಪ್ಪು ಹಚ್ಚೇ ಹುರಿದಿರ್ತಾರ. ಅದಕ್ಕ ಪ್ರತಿ ಚೀಲಾ ಒಡದಾಗ ರುಚಿ ನೋಡಿ ಹಾಕ್ರಿ, ಅಳತಿ ಮ್ಯಾಲೆ ಭರೋಸಾ ಇಡಬ್ಯಾಡ್ರಿ.

ಎಷ್ಟ ಜಾಣತನ ಮಾಡಿದ್ರೂ ವಗ್ಗರಣಿ ಅರ್ಧ ತಾಸಿನ ಮ್ಯಾಲೆ ಚೊಲೋ ಇರಂಗಿಲ್ಲ. ಐದು ಕೆಜಿ ಒಮ್ಮೆ ಕಲಸೋ ಬದಲು, ವಗ್ಗರಣಿ ಮಸಾಲಿ (ಉಳ್ಳಾಗಡ್ಡಿ-ಟಮಾಟಿ-ಹುಣಸಿ ಬೆಂದದ್ದು) ಬೆಳಿಗ್ಗೆ ಆರಕ್ಕ ಪೂರಾ ಹತ್ತು ಕೆಜಿಗೆ ಮಾಡಿ ಇಡ್ರಿ. ಆಮ್ಯಾಲೆ ಒಂದೊಂದು ಕೆಜಿ ಮಂಡಾಳ ನೆನಸಿ, ಅಷ್ಟ ಮಸಾಲಿ ಬಿಸಿ ಮಾಡಿ ಕಲಸಿದ್ರ ನಾಲ್ಕು ನಿಮಿಷದಾಗ 20 ಪ್ಲೇಟ್ ತಯಾರು. ಗದ್ದಲದ ತಾಸಿನಾಗ ಆರು ಸಲ ಕಲಸಬೇಕಾಗ್ತೈತಿ, ಹೆಲ್ಪರ್ ಮಾಡ್ತಾನ.

---

ಸ್ಟೇಷನ್ ರೋಡ್, ರಾಯಚೂರು

ಮಾಸ್ತರ ವಗ್ಗರಣಿ ಪೂರಾ ಹೇಳ್ಯಾರ, ಮಿರ್ಚಿ ನಾ ಹೇಳ್ತೀನಿ.

ಮೆಣಸಿನಕಾಯಿ ಕೆಜಿಗೆ 50ರಿಂದ 60 ಬರೋ ಉದ್ದನವು ತರ್ರಿ, ಅಂದ್ರ 400 ಮಿರ್ಚಿಗೆ ದಿನಾ 7-8 ಕೆಜಿ. ರಾತ್ರಿನೇ ತೊಳದು ಬಟ್ಟಿ ಮ್ಯಾಗ ಹರವ್ರಿ. ಬೆಳಿಗ್ಗೆ ತೊಳದು ಹಸೀದಾಗ ಹಿಟ್ಟಿಗೆ ಅದ್ದಿದ್ರ ಹಿಟ್ಟು ಜಾರ್ತದ, ಎಣ್ಣ್ಯಾಗ ಸಿಡೀತದ. ತೊಟ್ಟು ಇರ್ಲಿ, ಹಿಡಿಲಿಕ್ಕ ಬೇಕಾಗ್ತದ. ಉದ್ದಕ ಒಂದು ಸೀಳು ಹಾಕಲೇಬೇಕು. ಸೀಳಿಲ್ಲದ ಕಾಯ್ಯಾಗ ಹಬಿ ತುಂಬಿ ಒಡದು ಎಣ್ಣಿ ಮುಖಕ್ಕ ಹಾರ್ತದ. ಆ ಸೀಳಿನಾಗ ಹುಣಸಿ, ಉಪ್ಪು, ಜೀರಗಿ, ಅಜವಾನ ಅರದ ಗಟ್ಟಿ ಮುದ್ದಿ ಸವರಿದ್ರ ಖಾರಾನೂ ತಗ್ಗತದ.

ಹಿಟ್ಟು, ಒಂದು ಕೆಜಿ ಕಡ್ಲಿಹಿಟ್ಟಿಗೆ: ಅಕ್ಕಿಹಿಟ್ಟು 75 ಗ್ರಾಂ, ಉಪ್ಪು 20 ಗ್ರಾಂ, ಅಜವಾನ 5 ಗ್ರಾಂ, ಕಾಸಿದ ಎಣ್ಣಿ 50 ಗ್ರಾಂ, ಅಡಿಗಿ ಸೋಡಾ 4 ಗ್ರಾಂ, ನೀರು 1.1 ಲೀಟರ್ ಆಜೂಬಾಜು. ಇದಕ್ಕ 50-55 ಮಿರ್ಚಿ ಆಗ್ತಾವ. ನೀರು ಒಮ್ಮೆಗೇ ಸುರೀಬ್ಯಾಡ್ರಿ. ಮೊದಲು ಮುಕ್ಕಾಲು ನೀರಿನಾಗ ಗಂಟಿಲ್ಲದಂಗ ಐದು ನಿಮಿಷ ಕೈಯಿಂದ ಬಡೀಬೇಕು, ಆಮ್ಯಾಗ ಉಳಿದದ್ದು. ಬೆರಳು ಅದ್ದಿ ಎತ್ತಿದ್ರ ಚರ್ಮ ಕಾಣಬಾರದು, ಹನಿ ನಿಧಾನ ಬೀಳಬೇಕು.

ಎಣ್ಣಿ ಕುಡಿಯೋದಕ್ಕ ಮುಕ್ಕಾಲು ಪಾಲು ಸೋಡಾನೇ ಕಾರಣ. ಗರಿಗರಿ ಆಗಲಿ ಅಂತ ಚಮಚ ತುಂಬ ಸುರೀತಾರ. ಒಳಗ ತೂತು ಜಾಸ್ತಿ ಆದಷ್ಟು ಎಣ್ಣಿ ಜಾಸ್ತಿ ಹೋಗ್ತದ, ಬಣ್ಣ ಕೆಂಪಾಗ್ತದ, ಬಾಯಾಗ ಸಾಬಾನಿನ ರುಚಿ. ಮತ್ತ ಸೋಡಾ ಬೆಳಿಗ್ಗೆನೇ ಪೂರಾ ಹಿಟ್ಟಿಗೆ ಹಾಕಬ್ಯಾಡ್ರಿ, ಅರ್ಧ ತಾಸಿಗೆ ಗಾಳಿ ಹೋಗಿ ಹಿಟ್ಟು ಸಪ್ಪಗಾಗ್ತದ. ಸೋಡಾ ಇಲ್ಲದ ಹಿಟ್ಟು ದೊಡ್ಡ ಬೋಗುಣ್ಯಾಗ ಇರ್ಲಿ. ಅದರಾಗಿಂದ ಸಣ್ಣದಕ್ಕ ಬೇಕಾದಷ್ಟು ತಗದು, ಅದಕ್ಕಷ್ಟ ಸೋಡಾ.

ಇನ್ನ ಉಳಿದ ಕಾರಣ ಕಾವು. 175ರಿಂದ 180 ಡಿಗ್ರಿ ಬೇಕು. ಒಂದು ಹನಿ ಹಿಟ್ಟು ಬಿಟ್ರ ತಳಕ್ಕ ಹೋಗಿ ತಕ್ಷಣ ಎದ್ದು ಬರಬೇಕು. ತಳದಾಗೇ ಕುಂತ್ರ ತಣ್ಣಗದ, ಬಿಟ್ಟಲ್ಲೇ ಕೆಂಪಾದ್ರ ಸುಡ್ಲಿಕತ್ತದ. ಸ್ಟೀಲಿನ ಡಿಜಿಟಲ್ ಥರ್ಮಾಮೀಟರ್ ಒಂದು ಇಟ್ಕೊಂಡ್ರ ಹೊಸ ಹುಡುಗನ್ನೂ ಬಾಣಲಿ ಮುಂದ ನಿಲ್ಲಿಸಬಹುದು. ಗದ್ದಲದಾಗ 15ರ ಜಾಗಕ್ಕ 25 ತುರುಕ್ತಾರ, ಕಾವು ಧಪ್ ಅಂತ ಇಳೀತದ, ಅಲ್ಲಿಂದ ಎಲ್ಲಾ ಮೆತ್ತಗ.

ಮಾಸ್ತರ ಹೇಳಿದ 180-240ರ ತಾಪತ್ರಯಕ್ಕ ಎರಡನೇ ಬಾಣಲಿ ಬ್ಯಾಡ. ಎರಡು ಸಲ ಕರೀರಿ. 7:30ಕ್ಕ ಶುರು ಮಾಡಿ ನೂರು ಮಿರ್ಚಿ ಎರಡೆರಡು ನಿಮಿಷ ಅರ್ಧ ಬೇಯಿಸಿ, ಹಿಟ್ಟು ಗಟ್ಟಿಯಾಗಿ ಬಣ್ಣ ಬಿಳಚಿ ಇದ್ದಾಗೇ ತಗದು ಜಾಳಿಗಿ ಮ್ಯಾಗ ಬಿಡಿಬಿಡಿ ಹರವ್ರಿ. ಒಂದರ ಮ್ಯಾಗ ಒಂದು ಒಟ್ಟಿದ್ರ ಬೆವರ್ತಾವ. ಗಿರಾಕಿ ಬಂದಾಗ ಎರಡನೇ ಸಲ ಒಂದು-ಒಂದೂವರಿ ನಿಮಿಷ. ಹಿಂಗ ಮಾಡಿದ್ದು ಒಂದೇ ಸಲ ಕರದದ್ದಕ್ಕಿಂತ ಗರಿಗರಿ ಇರ್ತದ ಸೈತ. ಆದ್ರ ಅರ್ಧ ಬೆಂದದ್ದು ಒಂದೂವರಿ ತಾಸಿನ ಮ್ಯಾಗ ಇಡಬ್ಯಾಡ್ರಿ, ಕಾಯಿ ನೀರು ಬಿಟ್ಟು ಹಿಟ್ಟು ಸಡಿಲಾಗ್ತದ.

ಎಣ್ಣಿ ವಿಷಯ: ಪ್ರತಿ ಸಲ ಆದ ಮ್ಯಾಗ ಉದುರಿದ ಹಿಟ್ಟಿನ ಕಾಳು ಝಾರಾದಿಂದ ತಗೀರಿ, ಎಣ್ಣಿ ಕಪ್ಪಾಗೋದು ಅವು ಸುಟ್ಟು. ಕೆಲಸ ಮುಗದ ಮ್ಯಾಗ ಆರಿಸಿ ಬಟ್ಟ್ಯಾಗ ಸೋಸ್ರಿ. ನೊರೆ ಬಂದು ಒಡೀದೇ ನಿಂತ್ರ, ಇಲ್ಲಾ ಕಾಯೋಕಿಂತ ಮೊದಲೇ ಹೊಗಿ ಎದ್ರ ಅದು ಮುಗೀತು. ಕಾನೂನಿನ ಮಿತಿನೂ ಅದ: ಎಣ್ಣ್ಯಾಗ ಒಟ್ಟು ಪೋಲಾರ್ ಸಂಯುಕ್ತ (ಎಣ್ಣಿ ಮತ್ತ ಮತ್ತ ಕಾದು ಕೆಟ್ಟಾಗ ಹುಟ್ಟೋ ವಸ್ತು) ಶೇ 25 ದಾಟಬಾರದು. ಹಳೆ ಎಣ್ಣಿಗೆ ಹೊಸದು ಬೆರಸಿ ವಾರಗಟ್ಟಲೆ ಎಳಿಯೋರು ಇದ್ದಾರ. ಅಂಥಾ ಮಿರ್ಚಿ ತಿಂದವನ ಎದಿ ಹನ್ನೊಂದಕ್ಕ ಉರೀತದ, ಯಾರ ಅಂಗಡಿದು ಅಂತ ಅವನಿಗೆ ಗೊತ್ತಾಗ್ತದ.

---

ಗಿಣಿಗೇರಾ ರೋಡ್

ಭಾಳ ಉಪಕಾರ ಆತ್ರಿ ಇಬ್ಬರಿಗೂ. ವಡಾ, ಪೂರಿ ಕೈಬಿಟ್ಟೆ. ಕೌಂಟರ್ ಹೊಂದಿಸೋದು, ಮತ್ತ ಲೈಸೆನ್ಸ್, ಜಿಎಸ್‌ಟಿ ಯಾರಾದ್ರೂ ಹೇಳ್ರಿ. ಪೇಪರ್ ಹಾಕಿ ಕೊಟ್ರ ಪ್ಲೇಟ್ ತೊಳಿಯೋದು ಉಳೀತೈತಿ ಅಂತ ಒಬ್ಬರು ಹೇಳಿದ್ರು.

---

ಲೆಕ್ಕದ ವಹಿ, ಬಳ್ಳಾರಿ

ನ್ಯೂಸ್‌ಪೇಪರ್ ಬೇಡ. ಅದರ ಮೇಲೆ ತಿಂಡಿ ಬಡಿಸುವುದನ್ನೂ ಕಟ್ಟಿಕೊಡುವುದನ್ನೂ ಆಹಾರ ಸುರಕ್ಷತೆಯ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಬಿಸಿ ಎಣ್ಣೆ ಮುದ್ರಣದ ಮಸಿಯನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಉಳಿಯುವುದು ಸ್ಟೀಲ್ ತಟ್ಟೆ, ಎಲೆ ಅಥವಾ ಅಡಿಕೆ ಹಾಳೆ. 40 ರೂಪಾಯಿ ಪ್ಲೇಟಿನಲ್ಲಿ ಹಾಳೆ ತಟ್ಟೆಯ ಖರ್ಚು ಹೊರೆಯಾಗುತ್ತದೆ, ಸ್ಟೀಲೇ ಸರಿ.

ಎಷ್ಟು ತಟ್ಟೆ ಬೇಕು? ತಾಸಿಗೆ 120 ಪ್ಲೇಟ್ ಎಂದರೆ ನಿಮಿಷಕ್ಕೆ ಎರಡು. ತಿನ್ನಲು ಹತ್ತು ನಿಮಿಷ, ತೊಳೆದು ಒರೆಸಿ ಮತ್ತೆ ಕೌಂಟರಿಗೆ ಬರಲು ಹದಿನೈದು. 25 ನಿಮಿಷಕ್ಕೆ 50 ತಟ್ಟೆ ಸುತ್ತಿನಲ್ಲಿರುತ್ತವೆ. 80 ಕೊಂಡರೆ ಧಾರಾಳ. ಆದರೆ ನಿಮ್ಮ ಮೂರು ಜನರಲ್ಲಿ ತೊಳೆಯುವವರು ಯಾರೂ ಇಲ್ಲ. ಹೆಲ್ಪರ್ ಮಂಡಕ್ಕಿ ಕಲಸುತ್ತಿರುತ್ತಾನೆ. 8ರಿಂದ 10ರವರೆಗೆ ಒಬ್ಬರನ್ನು ಆ ಕೆಲಸಕ್ಕೆಂದೇ ಗೊತ್ತುಮಾಡಿಕೊಳ್ಳಿ.

ಆರಡಿ ಕಟ್ಟೆಯಲ್ಲಿ ಎಡಕ್ಕೆ ಗಲ್ಲಾ, ಬಲಕ್ಕೆ ಪ್ಲೇಟ್ ಕೊಡುವ ಜಾಗ, ನಡುವೆ ಎರಡಡಿ ಖಾಲಿ. ಜನ ಒಂದೇ ದಿಕ್ಕಿಗೆ ಸರಿಯಬೇಕು. ಎಂಜಲು ತಟ್ಟೆಯ ಟಬ್, ಕೈ ತೊಳೆಯುವ ನಲ್ಲಿ ಬಲತುದಿಯಿಂದಲೂ ಆಚೆ. ಪ್ಲೇಟ್ ತೆಗೆದುಕೊಳ್ಳುವ ಜಾಗದಲ್ಲೇ ಕೈ ತೊಳೆಯಲು ನೀರಿಟ್ಟರೆ ಹೋಗುವವರೂ ಬರುವವರೂ ಡಿಕ್ಕಿ ಹೊಡೆಯುತ್ತಾರೆ. ಮೊದಲು ಹಣ, ಆಮೇಲೆ ಬಣ್ಣದ ಟೋಕನ್: ವಗ್ಗರಣಿಗೆ ಒಂದು ಬಣ್ಣ, ಉಪ್ಪಿಟ್ಟಿಗೆ ಇನ್ನೊಂದು. ಚೀಟಿ ಬರೆಯುವ ಕೆಲಸವೇ ಬೇಡ. ಕ್ಯೂಆರ್ ಕೋಡ್ ಗಲ್ಲಾದ ಮುಂದೆ ಒಂದೇ ಇಟ್ಟರೆ ಪ್ರತಿಯೊಬ್ಬರೂ ಅಲ್ಲಿ ಬಂದು ಫೋನ್ ತೆಗೆಯುತ್ತಾರೆ. ಸಾಲು ನಿಲ್ಲುವ ಗೋಡೆಗೆ ಇನ್ನೂ ಎರಡು ಅಂಟಿಸಿ, ಮೇಲೆ ದರ ದಪ್ಪ ಅಕ್ಷರದಲ್ಲಿ ಬರೆಯಿರಿ. ಸೌಂಡ್‌ಬಾಕ್ಸ್ ಮೊತ್ತ ಹೇಳಿದೊಡನೆ ಟೋಕನ್ ಕೊಡಬಹುದು. ದರಗಳೆಲ್ಲ ಹತ್ತರ ಲೆಕ್ಕದಲ್ಲಿರಲಿ, ಐದು ರೂಪಾಯಿ ಚಿಲ್ಲರೆಗೆ ಸಾಲು ನಿಲ್ಲಬಾರದು.

ದರದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಒಂದು ಮಿರ್ಚಿ ಸೇರಿ 30 ರೂಪಾಯಿ, ಹೆಚ್ಚಿನ ಮಿರ್ಚಿ ತಲಾ 10 ಎಂದಿಡಿ. ಎರಡು ಬೇಕಾದವರಿಗೆ ಅದೇ 40. ಆದರೆ ಅರ್ಧದಷ್ಟು ಜನ ಒಂದಕ್ಕೇ ನಿಂತರೂ ಗದ್ದಲದ ತಾಸಿಗೆ 240ರ ಬದಲು 180 ಮಿರ್ಚಿ ಸಾಕು, ಅಂದರೆ ನಿಮ್ಮ ಒಂದು ಬಾಣಲೆಯ ಶಕ್ತಿಯಷ್ಟೇ. ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ ಸಿಗುವಾಗ ಕಾಲೇಜು ಹುಡುಗರಿಗೆ 30 ಮತ್ತು 40ರ ನಡುವಿನ ಅಂತರ ಸಣ್ಣದಲ್ಲ.

ಜಿಎಸ್‌ಟಿ: 200 ಪ್ಲೇಟ್, 40 ರೂಪಾಯಿ, ತಿಂಗಳಿಗೆ 25 ದಿನ ಎಂದರೆ 2 ಲಕ್ಷ, ವರ್ಷಕ್ಕೆ 24 ಲಕ್ಷ. ಹೋಟೆಲ್ ತಿಂಡಿ ಸೇವೆಯ ಲೆಕ್ಕಕ್ಕೆ ಬರುವುದರಿಂದ ನೋಂದಣಿಯ ಮಿತಿ 20 ಲಕ್ಷ. 40 ಲಕ್ಷದ ಮಿತಿ ಸರಕು ಮಾರುವವರಿಗೆ, ನಿಮಗಲ್ಲ. ಕಾಂಪೊಸಿಷನ್ ಪದ್ಧತಿಯಲ್ಲೂ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ತೆರಿಗೆ ಕಟ್ಟುವ ಸರಳ ಪದ್ಧತಿ) ಸಾಮಾನ್ಯ ಪದ್ಧತಿಯಲ್ಲೂ ದರ ಶೇ 5. ವ್ಯತ್ಯಾಸ ಏನೆಂದರೆ ಕಾಂಪೊಸಿಷನ್‌ನಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, 40ರೊಳಗಿನ 2 ರೂಪಾಯಿ ನಿಮ್ಮ ಕೈಯಿಂದಲೇ. ಆದರೆ ಕಾಗದಪತ್ರ ಕಡಿಮೆ. ಯುಪಿಐ ಹಣ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳಬೇಡಿ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಯುಪಿಐ ವಹಿವಾಟು ನೋಡಿಯೇ. ನಗರಸಭೆಯ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿ ತೆರೆಯುವ ಮೊದಲೇ ಆಗಿರಲಿ.

ಗ್ಯಾಸ್: 19 ಕೆಜಿಯ ವಾಣಿಜ್ಯ ಸಿಲಿಂಡರ್ ಮಾತ್ರ. ಮನೆಯ 14.2 ಕೆಜಿಯದು ಸಿಕ್ಕಿಬಿದ್ದರೆ ಜಪ್ತಿ. ದೊಡ್ಡ ಬರ್ನರ್ ತಾಸಿಗೆ ಮುಕ್ಕಾಲರಿಂದ ಒಂದು ಕೆಜಿ ಸುಡುತ್ತದೆ. ಎರಡು ಬರ್ನರ್ ಮೂರು ತಾಸು ಎಂದರೆ ದಿನಕ್ಕೆ ಐದು ಕೆಜಿ ಹತ್ತಿರ, ನಾಲ್ಕು ದಿನಕ್ಕೊಂದು ಸಿಲಿಂಡರ್. ಸಾಮಾನಿನ ಖರ್ಚು 40ಕ್ಕೆ 16 ದಾಟಿದರೆ ಬಾಡಿಗೆ, ಗ್ಯಾಸ್, ಕೂಲಿ ಕಳೆದು ಕೈಗೆ ಏನೂ ಹತ್ತುವುದಿಲ್ಲ.

---

ಬಾಣಲಿ ಮಾಸ್ತರ, ಗಂಗಾವತಿ

ಲೆಕ್ಕದ ವಹಿ ಸರ್, ಲೆಕ್ಕ ಖರೇ, ಆದ್ರ ನಮ್ಮ ಕಡೆ ವಗ್ಗರಣಿಗೆ ಒಂದ ಮಿರ್ಚಿ ಇಟ್ಟು ಕೊಟ್ರ "ಇನ್ನೊಂದು ಎಲ್ಲೈತ್ರಿ?" ಅಂತ ಕೇಳ್ತಾರ. ಎರಡು ದರನೂ ಬೋರ್ಡಿಗೆ ಬರೀರಿ: ಒಂದು ಮಿರ್ಚಿ 30, ಎರಡು ಮಿರ್ಚಿ 40. ಕೇಳಿ ಕೊಡಬ್ಯಾಡ್ರಿ, ಟೋಕನ್ ಬಣ್ಣಾನ ಹೇಳಬೇಕು. ಕೌಂಟರ್ ಮುಂದ ಕೇಳೋದು ಶುರು ಆತಂದ್ರ ಉಳಿಸಿದ ಟೈಮ್ ಎಲ್ಲಾ ಅಲ್ಲೇ ಹೋತು.

---

ರುಬ್ಬುಗುಂಡು

ಉಪ್ಪಿಟ್ಟಿನ ಬದಲು ಇಡ್ಲಿ ಇಡೋದಾದ್ರ ಎರಡು ಮಾತು. ಗಂಗಾವತಿ ಸೋನಾ ಮಸೂರಿ ಅನ್ನಕ್ಕ ಚಂದ, ಇಡ್ಲಿಗೆ ಅಲ್ಲ. ಇಡ್ಲಿ ರವಾ ತರ್ರಿ. ಒಂದು ಕೆಜಿ ಉದ್ದಿನಬ್ಯಾಳಿಗೆ ಎರಡೂವರಿ ಕೆಜಿ ರವಾ, ಅದರಿಂದ 150 ಇಡ್ಲಿ ಹತ್ರ ಬರ್ತಾವು. ಏಪ್ರಿಲ್-ಮೇ ಸೆಕಿಯೊಳಗ ಹಿಟ್ಟು ಐದಾರು ತಾಸಿಗೆ ಉಬ್ಬಿ ಹುಳಿ ಏರ್ತೈತಿ, ರಾತ್ರಿ ಹನ್ನೊಂದಕ್ಕ ರುಬ್ಬಿದ್ರ ಸಾಕು, ಉದ್ದು ರುಬ್ಬುವಾಗ ಐಸ್ ನೀರು ಹಾಕ್ರಿ. ಡಿಸೆಂಬರಿನಾಗ ಸಂಜಿ ಆರಕ್ಕ ರುಬ್ಬಿ ಇಡಬೇಕು.

ತಟ್ಟಿಗೆ ಬಟ್ಟಿ ಹಾಸ್ರಿ, ಪ್ಲಾಸ್ಟಿಕ್ ಹಾಳಿ ಬ್ಯಾಡ. ಬಿಸಿ ಹಬ್ಯಾಗ ಪ್ಲಾಸ್ಟಿಕ್ ಇಟ್ಟು ಇಡ್ಲಿ ಬೇಯಿಸೋದನ್ನ 2025ರಾಗ ರಾಜ್ಯದ ಆರೋಗ್ಯ ಇಲಾಖೆ ಹಿಡಿದು ಬಂದ್ ಮಾಡಿಸ್ತು. ಬಟ್ಟಿ ದಿನಾ ಕುದಿಸಿ ಒಣಗಿಸೋ ಕೆಲಸ ಐತಿ, ಅದಕ್ಕ ಎರಡು ಜೋಡಿ ಇಟ್ಕೊಳ್ರಿ.

---

ಸ್ಟೇಷನ್ ರೋಡ್, ರಾಯಚೂರು

ಇನ್ನೊಂದು ಬಿಟ್ಟಿತ್ತು. ಹತ್ತು ಕೆಜಿ ಮಂಡಾಳ ತೂಕಕ್ಕ ಸಣ್ಣದು, ಜಾಗ ಮಾತ್ರ ದೊಡ್ಡ ಚೀಲದಷ್ಟು ತಿಂತದ. 10×12ದಾಗ ಮೂರು ದಿನದ ಮ್ಯಾಗ ತುಂಬಬ್ಯಾಡ್ರಿ. ಒಲಿ ಹಬಿ ಬಡದು ಚೀಲ ಮೆತ್ತಗಾಗ್ತದ, ಮೆತ್ತಗಾದ ಮಂಡಾಳ ನೀರಿಗೆ ಹಾಕಿದ ಕೂಡ್ಲೇ ಕರಗ್ತದ. ಅಟ್ಟದ ಮ್ಯಾಗ, ಒಲಿಗೆ ದೂರ ಇಡ್ರಿ.

ದಿನಾ 200 ಅಂತ ಒಂದೇ ಲೆಕ್ಕ ಹಿಡೀಬ್ಯಾಡ್ರಿ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಆಫೀಸ್ ಇರಂಗಿಲ್ಲ. ಶ್ರಾವಣ ಸೋಮವಾರ ಒಪ್ಪತ್ತು ಇರೋರು ಜಾಸ್ತಿ. ಅಮಾವಾಸ್ಯೆಗೆ ಗವಿಮಠಕ್ಕ ಬರೋ ಮಂದಿ ಹೆಚ್ಚು. ಮಸಾಲಿ, ಮೆಣಸಿನಕಾಯಿ ಹಿಂದಿನ ರಾತ್ರಿ ಕ್ಯಾಲೆಂಡರ್ ನೋಡಿ ತಗೀರಿ. ಉಳಿದ ಮಿರ್ಚಿ ಹಿಟ್ಟು ಮರುದಿನಕ್ಕ ಇಡಬ್ಯಾಡ್ರಿ. ಹತ್ತರ ಮ್ಯಾಗ ಹಿಟ್ಟು ಉಳದಿದ್ರ ಉಳ್ಳಾಗಡ್ಡಿ ಹೆಚ್ಚಿ ಕಲಸಿ ಬಜಿ ಬಿಡ್ರಿ, ಹತ್ತೂವರಿ ಚಾದ ಹೊತ್ತಿಗೆ ಹೋಗಿಬಿಡ್ತದ.